ತುಟಿಗೆ ತಾಗಿಸಿದ ನೀರು

ಇದನ್ನು ಹೇಳಲು ನಾನು ಬಹಳ ತಡ ಮಾಡಿದ್ದೇನೆ. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ನೌಕರಿಯಲ್ಲಿದ್ದೇನೆ, ಈಗ ಬೇಡ. ಮಗಳ ಮದುವೆ ಮುಗಿಯಲಿ. ನಿವೃತ್ತಿ ಆಗಲಿ. ನಿವೃತ್ತಿಯೂ ಆಯಿತು, ಆಗ, ಕೇಳಬೇಕಾದವರೇ ಇಲ್ಲದ ಮೇಲೆ ಹೇಳಿ ಏನು ಫಲ ಎಂದುಕೊಂಡೆ. ಹೀಗೆ ಮೀಸೆ ಕಪ್ಪಗಿದ್ದ ಕಾಲದ ಮಾತು ಕೋಲು ಹಿಡಿಯುವ ಕಾಲದವರೆಗೆ ನನ್ನೊಳಗೇ ಉಳಿಯಿತು.

ಹೋದ ಶ್ರಾವಣದಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಪೀರನವಾಡಿಯ ನಮ್ಮ ಮನೆಯಲ್ಲೇ, ಮಕ್ಕಳ ನಡುವೆ. ಕೊನೆಯ ದಿನ ಮಧ್ಯಾಹ್ನ ಮಗ ತೀರ್ಥದ ಬಟ್ಟಲು ತಂದು, ತಾಯಿಯ ತಲೆ ಎತ್ತಿ ಬಾಯಿಗೆ ಸುರಿಯಲು ಹೋದ. ನನ್ನ ಕೈ ತಾನಾಗಿ ಮುಂದೆ ಹೋಗಿ ಅವನ ಕೈಯನ್ನು ಹಿಡಿಯಿತು. ಹತ್ತಿ ತರಿಸಿದೆ. ಬೆರಳಿನಷ್ಟು ದಪ್ಪ ಸುತ್ತಿ, ತೀರ್ಥದಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಹಿಂಡಿ ಅವಳ ತುಟಿಗೆ ತಾಗಿಸಿದೆ. ಒಣಗಿದ ತುಟಿ ಸ್ವಲ್ಪ ಅಲುಗಿತು. ಆಮೇಲೆ ಮಗ, ಮಗಳು, ಸೊಸೆ ಎಲ್ಲರೂ ಹಾಗೆಯೇ ಮಾಡಿದರು. ಕಾರ್ಯ ಎಲ್ಲ ಮುಗಿದು, ಬಂದವರು ಹೋದ ಮೇಲೆ ಮಗ ಕೇಳಿದ:

"ಅಪ್ಪಾ, ಆ ಹತ್ತೀಲೆ ನೀರು ಕೊಡೂದು ನಿನಗ ಯಾರು ಕಲಿಸಿದ್ರು?"

"ದವಾಖಾನ್ಯಾಗ ಒಬ್ರಿದ್ರಪಾ," ಎಂದೆ. ಹೆಸರು ಹೇಳಲಿಲ್ಲ. ಹೆಸರು ಹೇಳಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ನಾನು ಎಸ್.ಎಸ್.ಎಲ್.ಸಿ. ಪಾಸಾದವನು. ಮುಂದೆ ಓದಿಸುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಬೆಳಗಾವಿಯ ಟಿಳಕವಾಡಿ ರೈಲ್ವೆ ಗೇಟಿನಾಚೆ ಇದ್ದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್ ಆಗಿ ಸೇರಿದೆ. ಆ ಆಸ್ಪತ್ರೆ ಈಗ ಇಲ್ಲ, ಅದರ ಹೆಸರೂ ಇಲ್ಲಿ ಬೇಡ. ಮುಂದಿನ ವಾರ್ಡುಗಳಲ್ಲಿ ಹೆರಿಗೆ, ಜ್ವರ, ಮುರಿದ ಕೈಕಾಲು. ಹಿಂದೆ, ಬಟ್ಟೆ ಒಗೆಯುವ ಕಟ್ಟೆಯ ಪಕ್ಕದಲ್ಲಿ ಒಂದು ಉದ್ದನೆಯ ಹಂಚಿನ ಕೋಣೆ. ಇನ್ನು ಯಾವ ಔಷಧಿಯೂ ನಾಟುವುದಿಲ್ಲ ಎಂದಾದವರನ್ನು ಅಲ್ಲಿಗೆ ದೂಡುತ್ತಿದ್ದರು. ದೊಡ್ಡ ಡಾಕ್ಟರರ ಬೆಳಗಿನ ಸುತ್ತು ಅದರ ಬಾಗಿಲವರೆಗೆ ಬಂದು ತಿರುಗುತ್ತಿತ್ತು. ನಾವು ಊಟದ ತಾಟು ಇಟ್ಟು, ಮೂಗು ಮುಚ್ಚಿಕೊಂಡು ಹೊರಗೆ ಬರುತ್ತಿದ್ದೆವು.

ಎಪ್ಪತ್ತರ ದಶಕದ ನಡುವಿನಲ್ಲಿ, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ದುಡಿದಿದ್ದ ಒಬ್ಬ ಸಿಸ್ಟರು ನಮ್ಮಲ್ಲಿಗೆ ಬಂದು, ಬೇಕೆಂದೇ ಆ ಹಿಂದಿನ ವಾರ್ಡನ್ನು ಕೇಳಿ ಪಡೆದರು. ಖಾನಾಪುರದವರು, ಮನೆಮಾತು ಮರಾಠಿ, ಗಂಡ ಇರಲಿಲ್ಲ. ನಾವು ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಗಿಡ್ಡನೆಯ ದಪ್ಪ ಹೆಂಗಸು. ಎರಡೂ ಪಾದ ಹೊರಕ್ಕೆ ತಿರುಗಿಸಿ ಬಾತುಕೋಳಿಯಂತೆ ನಡೆಯುವರು. ಧ್ವನಿ ಮಾತ್ರ ಸಂತೆಯಲ್ಲಿ ಬದನೆಕಾಯಿ ಮಾರುವವರದು. ಮಿಶ್ರಿ ಹಚ್ಚುವ ಚಟ ಬೇರೆ. ಬಾಯಿ ಕ್ಯಾನ್ಸರಿನ ರೋಗಿಗಳ ಗಾಯ ತೊಳೆದು ಬಂದವರು ಬಾವಿಕಟ್ಟೆಯ ಮರೆಯಲ್ಲಿ ನಿಂತು, ಆ ಹುರಿದ ತಂಬಾಕಿನ ಪುಡಿಯನ್ನು ಹಲ್ಲಿಗೆ ತಿಕ್ಕುತ್ತಿದ್ದರು. ನಮ್ಮ ಆಯಾ ಅಮೀನಾಬಿ ಒಮ್ಮೆ ಅದನ್ನು ಕಂಡು, ಇಷ್ಟು ನೋಡಿಯೂ ನಿಮಗೆ ಬುದ್ಧಿ ಬಂದಿಲ್ಲವೇ ಎಂದು ಕುಟುಕಿದಳು.

"ಸುಮ್ಕಿರ ಅಮೀನಾ," ಎಂದರು ಅಕ್ಕಾರು ಬಾಯಿ ಮುಕ್ಕಳಿಸುತ್ತ. "ನಾ ಇಲ್ಲಿ ಕಲಿಸಾಕ ಬಂದೀನಿ, ಕಲಿಯಾಕಲ್ಲ."

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಚಾದರ, ಕಂಬಳಿ ಇಡುವ ಕೋಣೆಯಲ್ಲಿ ನಮಗೆ ಪಾಠ. ನಾನು, ಅಮೀನಾಬಿ, ಇಬ್ಬರು ಹೊಸ ನರ್ಸುಗಳು, ಆಗತಾನೇ ಸೇರಿದ್ದ ಸಣ್ಣ ಡಾಕ್ಟರು. ಸಾಯುವವರನ್ನು ನೋಡಿಕೊಳ್ಳುವುದರಲ್ಲಿ ಕಲಿಯುವುದೇನಿದೆ ಎಂದು ನಾವು ನಮ್ಮ ನಮ್ಮಲ್ಲಿ ನಕ್ಕಿದ್ದೆವು.

ಮೊದಲ ದಿನವೇ ನನ್ನನ್ನು ಮಂಚದ ಮೇಲೆ ಮಲಗಿಸಿದರು. ಕೈಕಾಲು ಆಡಿಸಬಾರದು, ಮಾತಾಡಬಾರದು, ಅಮೀನಾಬಿ ತಿನ್ನಿಸಿದ ಗಂಜಿಯನ್ನು ನುಂಗಬೇಕು. ಅಮೀನಾಬಿಗೆ ಮನೆಗೆ ಹೋಗುವ ಅವಸರ. ಚಮಚದ ಮೇಲೆ ಚಮಚ ತುರುಕಿದಳು. ಗಂಜಿ ಗಲ್ಲದ ಮೇಲಿಂದ ಇಳಿದು ಕಿವಿಯೊಳಗೆ ಹೋಯಿತು. ಅಷ್ಟರಲ್ಲಿ ಅಕ್ಕಾರು, ನಾನು ಅಲ್ಲಿ ಇಲ್ಲವೇ ಇಲ್ಲವೆನ್ನುವ ಹಾಗೆ, ಮಂಚದ ಆಚೆ ನಿಂತಿದ್ದ ಸಣ್ಣ ಡಾಕ್ಟರಿಗೆ ಹೇಳತೊಡಗಿದರು:

"ಇವಂದು ಮುಗೀತ್ರಿ ಡಾಕ್ಟರ್ರ. ಹೇಣ್ತಿ ಇನ್ನಾ ಸಣ್ಣಾಕಿ, ಏನ್ ಮಾಡ್ತಾಳೋ ಪಾಪ. ನಾಳೆ ಈ ಕಾಟ್ ಖಾಲಿ ಆದ್ರ ಬ್ಯಾರೇದವರಿಗೆ ಕೊಡೂಣು."

ನಾಟಕವೆಂದು ಗೊತ್ತಿದ್ದೂ ನನಗೆ ತಡೆಯಲಾಗಲಿಲ್ಲ. ಗಂಜಿ ಒರೆಸಿಕೊಳ್ಳುತ್ತ ಎದ್ದು ಕೂತು, ಇದೆಂಥ ಚೇಷ್ಟೆ ಎಂದು ರೇಗಿದೆ.

"ಇಷ್ಟೊತ್ತು ಮಲಗಿದ್ದಕ್ಕ ಇಷ್ಟ ಸಿಟ್ಟು ಬಂತೇನು ಬಾಳಾ?" ಎಂದರು. ಬಾಳಾ ಎನ್ನುವುದು ಅವರು ಮಗುವೇ ಎನ್ನುವ ಅರ್ಥದಲ್ಲಿ ಆಡುತ್ತಿದ್ದ ಮರಾಠಿ ಮಾತು. "ಹಿಂದಿನ ವಾರ್ಡ್‌ನ್ಯಾಗ ಇದನ್ನ ದಿನಾ ಕೇಳಾಕತ್ತಾರ. ಅವರಿಗೆ ಎದ್ದು ಕುಂದರಾಕ ಬರೂದಿಲ್ಲ, ಅಷ್ಟ ಫರಕು."

ಮುಂದಿನ ವಾರ ಸಣ್ಣ ಡಾಕ್ಟರ ಸರದಿ. ಮಗ್ಗುಲು ಬದಲಿಸುವುದನ್ನು ಅವರ ಮೇಲೆ ಕಲಿಯಬೇಕಿತ್ತು. ಕಂಕುಳಿಗೆ ಕೈ ಹಾಕಿದ ಕೂಡಲೇ ಅವರು ಕಚಗುಳಿಗೆ ನಕ್ಕು ನಕ್ಕು ಮಂಚದಿಂದ ಬಿದ್ದರು. ಹೊಸ ನರ್ಸುಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಕ್ಕಾರೂ ಹೊಟ್ಟೆ ಹಿಡಿದು ನಕ್ಕರು. ಆ ಕೋಣೆಯಲ್ಲಿ ನಾವು ನಕ್ಕಷ್ಟು ಆ ಆಸ್ಪತ್ರೆಯ ಬೇರೆಲ್ಲೂ ನಗಲಿಲ್ಲ.

ರೋಗಿಯ ಹತ್ತಿರ ನಿಂತು ಮಾತಾಡಿದರೆ ಅವರಿಗೆ ಆಗುತ್ತಿರಲಿಲ್ಲ. ನಿಂತವನು ಹೋಗುವವನ ಹಾಗೆ ಕಾಣುತ್ತಾನೆ, ಸ್ಟೂಲು ಎಳೆದು ಕುಂದರ್ರಿ ಎನ್ನುವರು. ಡಾಕ್ಟರು ಮಾತಿನ ನಡುವೆ ಗಡಿಯಾರ ನೋಡಿದರೆ, ಅವರ ಕೈಯಿಂದಲೇ ಅದನ್ನು ಬಿಚ್ಚಿಸಿ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುವರು. ಇನ್ನೊಂದು ಪಾಠದಲ್ಲಿ ಅವರೇ ರೋಗಿಯಾಗಿ ನಮ್ಮನ್ನು ಕೇಳುತ್ತಿದ್ದರು: ನಾ ಉಳೀತೇನೇನ್ರಿ? ನನ್ನ ಸರದಿ ಬಂದಾಗ, ನಿನಗೇನಾಗಿಲ್ಲ, ನಾಳೆ ಎದ್ದು ಓಡುತ್ತಿ ಎಂದೆ. ನಾಳೆ ಓಡದಿದ್ದರೆ ನಾಡಿದ್ದು ಯಾವ ಮುಖ ಹೊತ್ತು ಇತ್ತ ಬರುತ್ತೀ ಎಂದು ಕೇಳಿದರು. ಡಾಕ್ಟರು ಏನೋ ಪುಸ್ತಕದ ಮಾತು ಹೇಳಿದರು. ಅಮೀನಾಬಿ ಮಾತ್ರ ಅವರ ಅಂಗೈ ಹಿಡಿದುಕೊಂಡು ಹೇಳಿದಳು:

"ಅದು ಮ್ಯಾಲಿನಾವಗ ಗೊತ್ತವಾ. ನಾ ಮಾತ್ರ ಎಲ್ಲೂ ಹೋಗೂದಿಲ್ಲ. ಇಲ್ಲೇ ಕುಂತೀನಿ."

ಅಕ್ಕಾರು ತಮ್ಮ ಚೀಲದಿಂದ ಅಲೇಪಾಕ ತೆಗೆದು, ಆ ಹಸಿಶುಂಠಿಯ ಮಿಠಾಯಿಯ ದೊಡ್ಡ ತುಂಡನ್ನು ಅವಳ ಬಾಯಿಗೇ ಹಾಕಿದರು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಈಗ ಹೇಳಲು ನಾಚಿಕೆಯಿಲ್ಲ.

ಅವರಿಗೆ ಎಲ್ಲಕ್ಕಿಂತ ದೊಡ್ಡದು ಹೆಸರು. ಮೂಲೆಯ ಮಂಚದವನು, ಹೊಟ್ಟೆ ಕ್ಯಾನ್ಸರಿನವಳು ಎಂದು ಯಾರಾದರೂ ಅಂದರೆ ಸಿಡಿದೇಳುತ್ತಿದ್ದರು. ಹೆಸರು ಹಿಡಿದು ಕರೆಯಬೇಕು. ಅದೂ ಸಾಲದು, ಮನೆಯಲ್ಲಿ ತಾಯಿ ಏನೆಂದು ಕರೆಯುತ್ತಿದ್ದಳು ಎಂದು ಕೇಳಿ ತಿಳಿದುಕೊಳ್ಳಬೇಕು. ಕೊನೆಗೆ ಕಣ್ಣು ಮುಚ್ಚಿದ ಮೇಲೂ, ಕೈಕಾಲು ತಣ್ಣಗಾದ ಮೇಲೂ ಕಿವಿ ಇರುತ್ತದೆ. ಆಗ ಕಿವಿಯ ಹತ್ತಿರ ಬಗ್ಗಿ ಆ ಮನೆಯ ಹೆಸರಿನಿಂದ ಕರೆಯಬೇಕು. ಎಷ್ಟೋ ಜನ ಹಾಗೆ ಕರೆದಾಗ ಹುಬ್ಬು ಎತ್ತಿದ್ದನ್ನು ನಾನು ನೋಡಿದ್ದೇನೆ.

ಇನ್ನು ಹತ್ತಿಯ ಪಾಠ. ಸಾಯುವವರ ಬಾಯಿಗೆ ನೀರು ಬಿಡುವುದು ನಮ್ಮ ಕಡೆ ಎಲ್ಲರಲ್ಲೂ ಇದ್ದದ್ದೇ. ನಮ್ಮ ಮಂದಿಯಲ್ಲಿ ತೀರ್ಥ, ಮರಾಠಿ ಮನೆಗಳಲ್ಲಿ ತುಳಸಿ ನೀರು, ಅಮೀನಾಬಿಯವರಲ್ಲಿ ಹಜ್‌ಗೆ ಹೋದವರು ತಂದ ಜಮ್‌ಜಮ್ ನೀರು. ನೀರಿಲ್ಲದೆ ಹೋದ ಜೀವ ಅಲೆಯುತ್ತದೆ ಎನ್ನುವ ಅಂಜಿಕೆ. ಆದರೆ ನುಂಗುವ ಶಕ್ತಿ ಹೋದವನ ಬಾಯಿಗೆ ಪ್ರೀತಿಯಿಂದ ಸುರಿದ ನೀರು ಉಸಿರಿನ ದಾರಿಗೆ ಹೋಗಿ, ಅವನು ಒದ್ದಾಡಿ ಹೋಗುತ್ತಾನೆ. ಅಕ್ಕಾರು ಯಾರ ಪದ್ಧತಿಯನ್ನೂ ಬೇಡ ಎನ್ನಲಿಲ್ಲ. ನಮ್ಮನ್ನು ಒಂದು ದಿನ ಬೆಳಗಿನಿಂದ ನೀರು ಕುಡಿಯದಂತೆ ಇರಿಸಿ, ಮಧ್ಯಾಹ್ನ ಒಬ್ಬರ ತುಟಿಗೆ ಒಬ್ಬರು ಒದ್ದೆ ಹತ್ತಿ ತಾಗಿಸುವಂತೆ ಮಾಡಿದರು. ಅಷ್ಟರಲ್ಲೇ ಎಂಥ ಸುಖವಿದೆ ಎಂದು ಆಗ ತಿಳಿಯಿತು.

"ಯಾವ ದೇವರ ನೀರರ ಇರಲಿ, ಗಂಟಲಿನ ದಾರಿ ಒಂದ," ಎಂದರು. "ತುಟಿಗೆ ತಾಗಿದ್ರ ದೇವರಿಗೆ ಮುಟ್ಟತೈತಿ. ಸುರೀಬ್ಯಾಡ್ರಿ."

ನಾನು ಆಗ ತಲೆ ಆಡಿಸಿದೆ. ಒಳಗೆ ಮಾತ್ರ ಒಪ್ಪಿರಲಿಲ್ಲ. ನನ್ನ ಅಪ್ಪ ಬೇರೊಂದು ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ಕಾಯುತ್ತ, ನೀರು ನೀರು ಎನ್ನುತ್ತಲೇ ಸತ್ತಿದ್ದ. ಕೊಡಬೇಡ ಎಂದಿದ್ದರು, ಕೊಡಲಿಲ್ಲ. ತಂಬಿಗೆ ನನ್ನ ಕೈಯಲ್ಲೇ ಇತ್ತು.

ನಮ್ಮ ಜನ ಕೊನೆಯುಸಿರು ಸ್ವಂತ ಮನೆಯಲ್ಲೇ ಹೋಗಲಿ ಎನ್ನುವವರು. ಆದರೆ ಆ ಕೊನೆಯ ಗಳಿಗೆಯವರೆಗೂ ಆಸ್ಪತ್ರೆಯಲ್ಲಿಟ್ಟು, ಆಮೇಲೆ ಟ್ರಕ್ಕಿನಲ್ಲಿ ಹಾಕಿಕೊಂಡು ಓಡುತ್ತಿದ್ದರು. ಅರ್ಧ ಜನ ದಾರಿಯಲ್ಲೇ ಹೋಗುತ್ತಿದ್ದರು. ಅಕ್ಕಾರು ಮೊದಲೇ ಮನೆಗೆ ಕಳಿಸಿ, ಗುರುವಾರ ಗುರುವಾರ ನಾವೇ ಅಲ್ಲಿಗೆ ಹೋಗುವ ಏರ್ಪಾಡು ಮಾಡಿದರು. ಆಸ್ಪತ್ರೆಯ ಹಳೆಯ ವ್ಯಾನು ಪೀರನವಾಡಿಯಲ್ಲಿ ನನ್ನನ್ನು ಹತ್ತಿಸಿಕೊಂಡು, ಆಗತಾನೇ ಕಾರ್ಖಾನೆ ಏಳುತ್ತಿದ್ದ ಮಚ್ಛೆ ದಾಟಿ ಖಾನಾಪುರಕ್ಕೆ ಹೋಗುತ್ತಿತ್ತು. ಅಲ್ಲಿ ಮನೆಯ ಸೊಸೆಯರಿಗೆ, ಅಣ್ಣತಮ್ಮಂದಿರಿಗೆ ಗಾಯ ತೊಳೆಯುವುದು, ಮಗ್ಗುಲು ಬದಲಿಸುವುದನ್ನು ನಾವು ಕಲಿಸಬೇಕು. ಕಲಿತದ್ದು ಎಷ್ಟು ಗಟ್ಟಿ ಎಂದು ಕಲಿಸುವಾಗ ಗೊತ್ತಾಗುತ್ತದೆ ಎನ್ನುವರು. ಬಹಳ ನೋವಿದ್ದವರಿಗೆ ಸಣ್ಣ ಡಾಕ್ಟರು ಬರೆದುಕೊಟ್ಟ ನೋವಿನ ಸೂಜಿಯನ್ನು ಅಕ್ಕಾರೇ ಕೊಡುತ್ತಿದ್ದರು. ಸೂಜಿ ತೆಗೆದುಕೊಂಡವರಲ್ಲಿ ಹೆಚ್ಚಿನವರು ಕೆಲವು ದಿನಗಳಲ್ಲಿ ಸಾಯುವವರೇ ಆದ್ದರಿಂದ, ಊರಿನಲ್ಲಿ ಅದಕ್ಕೆ ಸಾಯೂ ಸೂಜಿ ಎಂಬ ಹೆಸರು ಬಿದ್ದಿತ್ತು. ಅಕ್ಕಾರು ಅದನ್ನು ಕೇಳಿಯೂ ಕೇಳದವರಂತೆ ಇದ್ದರು. ಅದು ಅವರ ತಪ್ಪು ಎಂದು ನನಗೆ ಅನಿಸುತ್ತದೆ. ಬಾಗಿಲಲ್ಲಿ ನಿಂತ ಗಂಡಸರಿಗೆ ವಿವರಿಸಿ ಹೇಳುವ ತಾಳ್ಮೆ ಅವರಲ್ಲಿ ಇರಲಿಲ್ಲ.

ಮಾರುತಿ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗ. ಹುಡುಗ ಎಂದರೆ ನನ್ನದೇ ವಯಸ್ಸು. ಗಂಟಲಿನ ಕ್ಯಾನ್ಸರು. ಮಾತು ಹೋಗಿತ್ತು, ಚೇಷ್ಟೆ ಹೋಗಿರಲಿಲ್ಲ. ಅಕ್ಕಾರು ಒಳಗೆ ಬಂದ ಕೂಡಲೇ ಎರಡು ಬೆರಳನ್ನು ಚಾದರದ ಮೇಲೆ ಹೊರಕ್ಕೆ ತಿರುಗಿಸಿ ಅವರ ಬಾತುಕೋಳಿ ನಡಿಗೆಯನ್ನು ತೋರಿಸುತ್ತಿದ್ದ. ಅವರು ಅವನ ಬೆರಳಿಗೆ ಹೊಡೆಯುವರು. ಅವನ ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಕೆ ಅವನನ್ನು ಮಾರ್ತ್ಯಾ ಎನ್ನುತ್ತಿದ್ದಳು. ಅಕ್ಕಾರೂ ಹಾಗೇ ಕರೆದರು.

ಆ ಗುರುವಾರ ಮಾರುತಿ ನೋವಿನಿಂದ ಗೋಡೆ ಪರಚುತ್ತಿದ್ದ. ಸಣ್ಣ ಡಾಕ್ಟರು ಬೆಳಗಾವಿಯಲ್ಲೇ ಬರೆದುಕೊಟ್ಟಿದ್ದಂತೆ ಅಕ್ಕಾರು ಸೂಜಿ ಕೊಟ್ಟರು. ಅವನ ಮುಖದ ಗಂಟುಗಳು ನಮ್ಮ ಕಣ್ಣೆದುರೇ ಸಡಿಲಾದವು. ಮಗ್ಗುಲಾಗಿ ಮಲಗಿಸಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. "ಈಗ ನಿದ್ದಿ ಹತ್ತತೈತಿ. ಬಾಯಾಗ ಏನೂ ಹಾಕಬ್ಯಾಡ. ಹತ್ತಿ ಅಷ್ಟ," ಎಂದು ಹೇಳಿ, ಅಮೀನಾಬಿಯನ್ನು ಕರೆದುಕೊಂಡು ಹಿಂದಿನ ಓಣಿಯ ಇನ್ನೊಂದು ಮನೆಗೆ ಹೋದರು.

ನಾನು ಹತ್ತಿ ಅದ್ದಿ ತುಟಿ ಒರೆಸಿದೆ. ಆಯಿ ಬಾಗಿಲಲ್ಲಿ ಗಿಂಡಿ ಹಿಡಿದು ನಿಂತಿದ್ದಳು. ಅದರಲ್ಲಿ ತುಳಸಿ ಎಲೆ ಹಾಕಿದ ನೀರು.

"ತಮ್ಮಾ, ತುಟಿ ಒರಿಸಿದ್ರ ನೀರು ಕುಡಿದಂಗ ಆಗತೈತೇನೋ?" ಎಂದಳು. "ಗಾಯ ಒರಿಸಿದಂಗ ಆತು ಅದು. ನನ್ನ ಕೈ ನಡಗತಾವು. ನೀ ಒಂದ ಗುಟುಕು ಹಾಕು. ನನ್ನ ಮಗಾ ಒಣಾ ಬಾಯೀಲೆ ಹೋಗಬಾರದು."

ನನಗೆ ಅಪ್ಪನ ತಂಬಿಗೆ ಕಂಡಿತು. ಗಿಂಡಿ ತೆಗೆದುಕೊಂಡೆ. ಮಾರುತಿಯನ್ನು ಅಂಗಾತ ಮಾಡಿ, ತಲೆ ಎತ್ತಿ ಸ್ವಲ್ಪ ಹಾಕಿದೆ. ಗಂಟಲು ಏರಿ ಇಳಿಯಿತು. ಹೋಯಿತು. ಆಯಿಯ ಮುಖದಲ್ಲಿ ಆಗ ಕಂಡ ಹಿಗ್ಗನ್ನು ನಾನು ಮತ್ತೆಲ್ಲೂ ನೋಡಿಲ್ಲ. ದೇವರ ಮುಂದೆ ದೀಪ ಹಚ್ಚಿ ಬರುತ್ತೇನೆಂದು ಆಕೆ ಒಳಗೆ ಹೋದಳು.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಯಾರೂ ಕೇಳದಿದ್ದರೂ ನಾನು ಇನ್ನೊಂದು ಸಲ ಹಾಕಿದೆ, ಈ ಸಲ ತುಸು ಹೆಚ್ಚು. ಆ ಎರಡನೆಯದು ಮಾರುತಿಗಲ್ಲ, ನನ್ನ ಅಪ್ಪನಿಗೆ. ಅದು ಇಳಿಯಲಿಲ್ಲ. ಗೊರ ಗೊರ ಎಂಬ ಸದ್ದು. ಕಣ್ಣು ಒಮ್ಮೆ ಪೂರ್ತಿ ತೆರೆದು ನನ್ನನ್ನು ನೋಡಿದ. ಮುಖ ನೀಲಿಯಾಯಿತು. ಮಗ್ಗುಲಿಗೆ ಹೊರಳಿಸಿದೆ, ಬೆನ್ನು ತಟ್ಟಿದೆ. ಆಯಿ ದೀಪ ಹಚ್ಚಿ ಬರುವುದರೊಳಗೆ ಎಲ್ಲ ಮುಗಿದಿತ್ತು.

"ನೀರು ಕುಡದ ಹ್ವಾದ, ಆಯಿ," ಎಂದೆ. ನನ್ನ ಬಾಯಿಂದ ಬಂದದ್ದು ಅದೊಂದೇ ಮಾತು.

ಅಕ್ಕಾರು ಬಂದು ಒಮ್ಮೆ ಮಾರುತಿಯನ್ನು ನೋಡಿದರು. ಅವನ ಅಂಗಿಯ ಕೊರಳು, ದಿಂಬು ಎಲ್ಲ ಒದ್ದೆ. ಆಮೇಲೆ ಗಿಂಡಿ ನೋಡಿದರು, ನನ್ನನ್ನು ನೋಡಿದರು. ಟವೆಲು ತೆಗೆದುಕೊಂಡು ಅವನ ಕೊರಳು, ಎದೆ ಒರೆಸಿದರು. ದಿಂಬನ್ನು ತಿರುವಿ ಒಣಗಿದ ಮಗ್ಗುಲು ಮೇಲೆ ಮಾಡಿದರು. ಕಿವಿಯ ಹತ್ತಿರ ಬಗ್ಗಿ "ಮಾರ್ತ್ಯಾ" ಎಂದರು. ಆಮೇಲೆ ಆಯಿಯನ್ನು ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟರು.

ಕಾರ್ಖಾನೆಯಿಂದ ಓಡಿ ಬಂದ ಮಾರುತಿಯ ಅಣ್ಣ ಮೊದಲು ಕೇಳಿದ್ದು, ಸೂಜಿ ಕೊಟ್ಟಿದ್ದರೇ ಎಂದು. ಕೊಟ್ಟಿದ್ದೆ ಎಂದರು ಅಕ್ಕಾರು. ಅಲ್ಲಿಂದ ಗದ್ದಲ ಶುರುವಾಯಿತು. ಆ ಅಣ್ಣ ಕೆಟ್ಟವನಲ್ಲ. ಬೆಳಿಗ್ಗೆ ತಮ್ಮನನ್ನು ಜೀವಂತ ಬಿಟ್ಟು ಹೋಗಿದ್ದ, ಅಷ್ಟೇ. ಮುಂದಿನ ವಾರ ಊರಿನ ಹಿರಿಯರನ್ನು ಕಟ್ಟಿಕೊಂಡು ಆಸ್ಪತ್ರೆಗೆ ಬಂದ.

ಟ್ರಸ್ಟಿನ ಅಧ್ಯಕ್ಷರ ಕೋಣೆಯಲ್ಲಿ ಅವನನ್ನು ಕೂರಿಸಿ, ನಮ್ಮನ್ನು ಎದುರಿಗೆ ನಿಲ್ಲಿಸಿದರು. ಆಗ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಹೆಂಡತಿ ಮೊದಲ ಬಸುರಿ. ಸಣ್ಣ ಡಾಕ್ಟರು ತಾವು ಬರೆದ ಸೂಜಿಯ ಪ್ರಮಾಣ ಸರಿಯಾಗಿತ್ತು ಎಂದಷ್ಟೇ ಹೇಳಿದರು. ಬರೆದದ್ದಕ್ಕಿಂತ ಹೆಚ್ಚು ಕೊಟ್ಟಿರಾ ಎಂದು ಅಕ್ಕಾರನ್ನು ಕೇಳಿದರು. ಇಲ್ಲ ಎಂದರು. ಹಾಗಾದರೆ ಆ ದಿನವೇ ಏಕೆ ಸತ್ತ? "ಹೊತ್ತು ಬಂದಿತ್ರಿ," ಎಂದರು. ಆಮೇಲೆ ಅಧ್ಯಕ್ಷರು ನನ್ನ ಕಡೆ ತಿರುಗಿದರು. ಬಾಜುವಿನಲ್ಲಿ ಕೂತವನು ನೀನಲ್ಲವೇ, ಸೂಜಿಯ ನಂತರ ಅವನ ಬಾಯಿಗೆ ಏನಾದರೂ ಕೊಟ್ಟೆಯಾ ಎಂದು ಕೇಳಿದರು.

"ಹತ್ತೀಲೆ ತುಟಿ ಒರಿಸಿದ್ನಿರಿ. ಮತ್ತೇನಿಲ್ಲ," ಎಂದೆ. ಆ ಗುಟುಕಿನ ಮಾತನ್ನು ಆಯಿ ಹಿರಿಯ ಮಗನಿಗೆ ಹೇಳಿರಲಿಲ್ಲವೇನೋ, ಅವನು ಅಲ್ಲಗಳೆಯಲಿಲ್ಲ.

ಅಕ್ಕಾರು ನನ್ನತ್ತ ನೋಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದರು. ಒಂದು ಮಾತು ಅಂದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಅವರು ಅನ್ನಲಿಲ್ಲ. ನನ್ನನ್ನು ಉಳಿಸುತ್ತಿದ್ದಾರೆ ಎಂದುಕೊಂಡೆ. ಎಷ್ಟೋ ವರ್ಷ ಹಾಗೆಯೇ ತಿಳಿದಿದ್ದೆ.

ಖಾನಾಪುರದ ಸುತ್ತು ನಿಂತಿತು. ಶನಿವಾರದ ಪಾಠ ನಿಂತಿತು. ಅಕ್ಕಾರನ್ನು ಹಿಂದಿನ ವಾರ್ಡಿನಿಂದ ತೆಗೆದು, ಆಪರೇಶನ್ ಕೋಣೆಯ ಬಟ್ಟೆ ಕುದಿಸುವ ಕೆಲಸಕ್ಕೆ ಹಾಕಿದರು. ಕೆಲವು ತಿಂಗಳು ಕುದಿಸಿದರು, ಆಮೇಲೆ ಬಿಟ್ಟು ಹೋದರು. ಸಣ್ಣ ಡಾಕ್ಟರೂ ಬೇರೆ ಊರಿಗೆ ಹೋದರು. ನನ್ನ ನೌಕರಿ ಆ ವರ್ಷವೇ ಕಾಯಂ ಆಯಿತು.

ಆ ಸೂಜಿ ಕೊಡಲು ಮತ್ತೆ ಯಾರೂ ಮುಂದೆ ಬರಲಿಲ್ಲ. ಹಿಂದಿನ ವಾರ್ಡಿನ ನರಳಾಟ ರಸ್ತೆಯವರೆಗೆ ಕೇಳುವಂತಾಯಿತು. ದೊಡ್ಡ ಡಾಕ್ಟರು ಬಾಗಿಲಿಂದ ತಿರುಗುವುದು ಮತ್ತೆ ಶುರುವಾಯಿತು. ನಾನೂ ಅಮೀನಾಬಿಯೂ ತಿಳಿದಷ್ಟು ಮಾಡಿದೆವು: ಸ್ಟೂಲು ಎಳೆದು ಕೂತೆವು, ಹೆಸರು ಹಿಡಿದು ಕರೆದೆವು, ಹತ್ತಿ ಅದ್ದಿದೆವು. ನೋವಿಗೆ ಹತ್ತಿ ಸಾಲುವುದಿಲ್ಲ. ಅಲ್ಲಿ ಹಲ್ಲು ಕಚ್ಚಿ ಸತ್ತವರನ್ನು ನೆನೆದಾಗ, ಮಾರುತಿಯೊಬ್ಬನದೇ ನನ್ನ ತಪ್ಪಲ್ಲ ಎನ್ನುವುದು ಗೊತ್ತಾಗುತ್ತದೆ. ಮಾರುತಿ ಹೇಗೂ ಆ ವಾರದಲ್ಲಿ ಹೋಗುವವನೇ. ಅಧ್ಯಕ್ಷರ ಕೋಣೆಯಲ್ಲಿ ನಾನು ಆಡಿದ ಮಾತು ಇವರೆಲ್ಲರನ್ನೂ ಮುಟ್ಟಿತು.

ಎಂಬತ್ತರ ದಶಕದ ನಡುವೆ ಒಮ್ಮೆ ಹೆಂಡತಿಯ ಸಂಬಂಧಿಕರ ಲಗ್ನಕ್ಕೆ ಖಾನಾಪುರಕ್ಕೆ ಹೋಗಿದ್ದೆ. ಹಿಂದಿರುಗುವಾಗ ಪೇಟೆಯಲ್ಲಿ ಬೆನ್ನ ಹಿಂದೆ "ಬಾಳಾ" ಎಂಬ ಆ ಬದನೆಕಾಯಿ ಮಾರುವ ಧ್ವನಿ. ಕೂದಲು ಬೆಳ್ಳಗಾಗಿತ್ತು, ನಡಿಗೆ ಅದೇ. ಬೇಡವೆಂದರೂ ಕೈ ಹಿಡಿದು ಮನೆಗೆ ಕರೆದೊಯ್ದರು. ಒಳಗೆ ಮೊರದಲ್ಲಿ ಹುಣಸೆಹಣ್ಣು ಹಾಕಿಕೊಂಡು ಬೀಜ ಬಿಡಿಸುತ್ತ ಒಬ್ಬ ಮುದುಕಿ ಕೂತಿದ್ದಳು. ಆಕೆ ತಲೆ ಎತ್ತಿ, ಅಕ್ಕಾರನ್ನು ಅವರ ಮನೆಯ ಹೆಸರಿನಿಂದ ಕರೆದು, ಯಾರು ಬಂದರು ಎಂದು ಕೇಳಿದಳು. ಅದು ಆಯಿ, ಮಾರುತಿಯ ತಾಯಿ. ಅಣ್ಣ ಗೋವೆಯ ಕಡೆ ದುಡಿಯಲು ಹೋಗಿದ್ದ. ಆಕೆ ಹಗಲೆಲ್ಲ ಅಕ್ಕಾರ ಮನೆಯಲ್ಲೇ ಇರುತ್ತಿದ್ದಳು.

ನನ್ನ ಗುರುತು ಹತ್ತಿದ ಕೂಡಲೇ ಹುಣಸೆಹಣ್ಣಿನ ಕೈಯಿಂದಲೇ ನನ್ನ ಗಲ್ಲ ಸವರಿ, ಆ ಬೆರಳುಗಳನ್ನು ತನ್ನ ತಲೆಗೆ ಒತ್ತಿ ಲಟಿಕೆ ತೆಗೆದಳು.

"ಇವನ ನೋಡ ನನ್ನ ಮಗಗ ಕಡೀ ನೀರು ಹಾಕಿದಾವ. ಗುಟುಕ್ ಅಂತ ಕುಡದ, ನನ್ನ ಕಣ್ಲೆ ನೋಡಿನಿ. ಒಣಾ ಬಾಯೀಲೆ ಹೋಗಲಿಲ್ಲ ನನ್ನ ಮಾರ್ತ್ಯಾ. ನಿನ್ನ ಮಕ್ಕಳು ಸುಖವಾಗಿರಲಿ ತಮ್ಮಾ."

ಅಕ್ಕಾರು ಚಹಾ ಸೋಸುತ್ತಿದ್ದರು. ಅವರ ಕೈ ನಿಂತಿತು. ನನ್ನತ್ತ ನೋಡಿದರು. ಆಗ ನನಗೆ ತಿಳಿಯಿತು. ಅಧ್ಯಕ್ಷರ ಕೋಣೆಯಲ್ಲಿ ಅವರು ಬಾಯಿ ಮುಚ್ಚಿದ್ದು ನನಗಾಗಿ ಅಲ್ಲ. ಅಲ್ಲಿ ಮಾರುತಿಯ ಅಣ್ಣ ಕೂತಿದ್ದ. ನೀರಿನಿಂದ ಸತ್ತ ಎಂಬ ಮಾತು ಬಂದಿದ್ದರೆ ಅದು ಅದೇ ದಿನ ಈ ತಾಯಿಯ ಕಿವಿಗೆ ಮುಟ್ಟುತ್ತಿತ್ತು, ಗಿಂಡಿ ತಂದವಳು ತಾನೇ ಎಂದು ಆಕೆ ಉಳಿದ ಜೀವಮಾನವೆಲ್ಲ ಬೇಯುತ್ತಿದ್ದಳು. ನಾನೂ ಸುಮ್ಮನಿದ್ದೆ, ಅವರೂ ಸುಮ್ಮನಿದ್ದರು. ನಾನು ನನ್ನ ನೌಕರಿಗಾಗಿ. ಅವರು ತಮ್ಮ ಕೆಲಸವನ್ನು, ಶನಿವಾರಗಳನ್ನು, ಹೆಸರನ್ನು ಕಳೆದುಕೊಂಡರು.

ಚಹಾ ಹೇಗೆ ಕುಡಿದೆನೋ. ಅಕ್ಕಾರು ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದರು. ಅಮೀನಾಬಿಯ ಮೊಣಕಾಲು ಹೇಗಿದೆ, ಹಿಂದಿನ ವಾರ್ಡಿನಲ್ಲಿ ಈಗ ಯಾರಿದ್ದಾರೆ ಎಂದು ಕೇಳಿದರು. ಓಣಿಯ ಹೆಂಗಸರಿಗೆ ಹತ್ತಿಯ ಪಾಠ ಹೇಳುತ್ತೇನೆ, ಆಯಿಯೇ ನನಗೆ ಅಸಿಸ್ಟಂಟು ಎಂದು ನಕ್ಕರು. ಬೆಳಗಾವಿಯ ಬಸ್ಸು ನಿಂತಿತ್ತು, ಡ್ರೈವರು ಇನ್ನೂ ಬಂದಿರಲಿಲ್ಲ.

"ಆಯಿ ಅದೊಂದ ಗುಟುಕಿನ ಮ್ಯಾಲ ಜೀವಾ ಹಿಡಕೊಂಡಾಳ," ಎಂದರು. "ಅದು ಆಕೀದು. ಅದನ್ನ ಆಕೀ ಕಡೆ ಬಿಡೂಣು." ಆಮೇಲೆ ಕೇಳಿದರು: "ನಿಂದೇನರ ಹೇಳೂದಿತ್ತೇನು ಬಾಳಾ?"

ಅಷ್ಟು ಮೆತ್ತಗೆ ಅವರು ರೋಗಿಗಳ ಹತ್ತಿರ ಮಾತ್ರ ಮಾತಾಡುತ್ತಿದ್ದರು. ಸುತ್ತ ಯಾರೂ ಇರಲಿಲ್ಲ. ಎರಡು ಮಾತು ಸಾಕಿತ್ತು.

"ಏನಿಲ್ರಿ ಅಕ್ಕಾರ. ಬಸ್ಸು ಬಿಡತಾರ," ಎಂದು ಹತ್ತಿಬಿಟ್ಟೆ.

ಬಸ್ಸು ಬಿಡಲಿಲ್ಲ. ಬಹಳ ಹೊತ್ತು ನಿಂತೇ ಇತ್ತು. ಅವರು ಕಿಟಕಿಯ ಕೆಳಗೆ ಬಿಸಿಲಲ್ಲಿ, ಪಾದ ಹೊರಕ್ಕೆ ತಿರುಗಿಸಿಕೊಂಡು ನಿಂತಿದ್ದರು. ನಾನು ಮುಂದಿನ ಸೀಟಿನ ಕಬ್ಬಿಣದ ಸರಳನ್ನೇ ನೋಡುತ್ತ ಕೂತಿದ್ದೆ. ಕೊನೆಗೆ ಚೀಲದಿಂದ ಒಂದು ತುಂಡು ಅಲೇಪಾಕ ತೆಗೆದು ಕಿಟಕಿಯಿಂದ ನನ್ನ ಕೈಗೆ ಕೊಟ್ಟು ಹೋದರು.

ಒಂದೆರಡು ವರ್ಷದ ಮೇಲೆ ಅವರಿಗೆ ಲಕ್ವಾ ಹೊಡೆದಿದೆ ಎಂದು ತಿಳಿಯಿತು. ಅಮೀನಾಬಿ ಬಾ ಹೋಗೋಣ ಎಂದಳು. ಡ್ಯೂಟಿ ಇದೆ ಎಂದೆ. ಅವಳು ಹೋಗಿ, ಕೊನೆಯ ದಿನ ಅಲ್ಲೇ ಇದ್ದು ಬಂದಳು. ಅಕ್ಕಾರ ಮಾತು ನಿಂತಿತ್ತಂತೆ. ಆಯಿ ಸ್ಟೂಲಿನ ಮೇಲೆ ಕೂತು ಅವರ ತುಟಿಗೆ ಹತ್ತಿ ತಾಗಿಸುತ್ತಿದ್ದಳಂತೆ. ಅಮೀನಾಬಿ ಹತ್ತಿ ಅದ್ದಲೆಂದು ನೀರಿನ ಬಟ್ಟಲು ಹತ್ತಿರ ತಂದರೂ, ಎಲ್ಲಿ ಸುರಿಯುತ್ತಾಳೋ ಎಂದು ಆಯಿ ಗದರಿದಳಂತೆ. ಕಡೆಗೆ ಕಿವಿಯ ಹತ್ತಿರ ಬಗ್ಗಿ ಮನೆಯ ಹೆಸರಿನಿಂದ ಕರೆದಳಂತೆ, ಹುಬ್ಬು ಎತ್ತಿದರಂತೆ. ನಾನು ಹೋಗಿದ್ದರೆ ನನ್ನ ಮಾತೂ ಆ ಕಿವಿಗೆ ಬೀಳುತ್ತಿತ್ತು.

ಅಮೀನಾಬಿಯೂ ಈಗಿಲ್ಲ, ಆಯಿಯೂ ಇಲ್ಲ. ಆಯಿಗೆ ಅವಳ ಗುಟುಕು ಕೊನೆಯವರೆಗೂ ಇತ್ತು. ಇನ್ನು ನನ್ನ ಮಾತಿನಿಂದ ಯಾರಿಗೂ ನೋವಿಲ್ಲ, ನನ್ನನ್ನು ಬಿಟ್ಟು. ಬರೆದದ್ದನ್ನು ಮೊದಲು ನನ್ನ ಮಗ ಓದಲಿ. ಯಾರು ಕಲಿಸಿದರು ಎಂದು ಕೇಳಿದ್ದೆಯಲ್ಲಪ್ಪಾ. ಕಲಿಸಿದವರೂ ಅವರೇ, ನಾನು ತಪ್ಪಾಯಿತು ಎನ್ನದೆ ಹೋದದ್ದೂ ಅವರಿಗೇ. ಅವರ ಹೆಸರು ವತ್ಸಲಾ. ಮನೆಯಲ್ಲಿ ವಚ್ಛೂ.